ಲೆಕ್ಕ ತೆರೆದಿಡಿ, ಗುಟ್ಟು ಕಾಪಾಡಿ: ಸಭೆಯ ನಂಬಿಕೆ ಉಳಿಸಿಕೊಳ್ಳಲು ಸಭಾಪಾಲಕರಿಗೊಂದು ಸಮಗ್ರ ಮಾರ್ಗದರ್ಶಿ

ನಾನು ಪಾಲಕನಾಗಿದ್ದ ಕ್ರೈಸ್ತ ಸಭೆಯಲ್ಲಿ ಒಂದು ಬುಧವಾರದ ಉಪವಾಸ ಪ್ರಾರ್ಥನೆ. ಕೊನೆಯಲ್ಲಿ ನಾನು, "ನಮ್ಮ ಸಭೆಯ ಒಬ್ಬ ತಂಗಿಯ ಮನೆಯಲ್ಲಿ ಗಂಡನ ಕುಡಿತ ಹೆಚ್ಚಾಗಿದೆ, ಸಾಲಗಾರರು ಬಾಗಿಲಿಗೆ ಬರುತ್ತಿದ್ದಾರೆ, ಅವಳಿಗಾಗಿ ಪ್ರಾರ್ಥಿಸೋಣ" ಎಂದೆ. ಹೆಸರು ಹೇಳಲಿಲ್ಲ. ನಲವತ್ತು ಮನೆಗಳ ಸಭೆಯಲ್ಲಿ ಹೆಸರು ಹೇಳಬೇಕಾಗಿಯೂ ಇರಲಿಲ್ಲ. ಮುಂದಿನ ಭಾನುವಾರ ಆ ತಾಯಿ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ಅಯ್ಯನವರೇ, ನಿಮಗೆ ಹೇಳಿದ್ದೆ, ಊರಿಗೆ ಹೇಳಿರಲಿಲ್ಲ" ಎಂದಳು. ಒಳಗೆ ಕರೆಯಲಿಲ್ಲ.

ಅದೇ ವರ್ಷ ನಮ್ಮ ದೇವಾಲಯದ ಕಾಂಪೌಂಡ್ ಗೋಡೆ ಕಟ್ಟಿಸಿದ್ದೆವು. ಎಂಟು ತಿಂಗಳಾದರೂ ಲೆಕ್ಕ ಸಭೆಯ ಮುಂದೆ ಬಂದಿರಲಿಲ್ಲ. ಒಬ್ಬ ಯುವಕ ಎದ್ದು ಕೇಳಿದಾಗ, "ಎಲ್ಲ ಸರಿಯಾಗಿದೆ, ನಂಬಿಕೆ ಇಡಿ" ಎಂದು ಕೂರಿಸಿದೆ. ಲೆಕ್ಕ ಸರಿಯಾಗಿದೆ ಎಂದೇ ನಾನು ನಂಬಿದ್ದೆ, ಒಂದು ರೂಪಾಯಿಯನ್ನೂ ಯಾರೂ ಮುಟ್ಟಿರಲಿಲ್ಲ. ಆದರೂ ಆ ಯುವಕ ಕೂತ ರೀತಿಯಲ್ಲೇ ಏನೋ ಮುರಿದದ್ದು ನನಗೆ ಕಾಣಿಸಿತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ನನಗೆ ಬಹಳ ದಿನ ಬೇಕಾಯಿತು. ತೆರೆದಿಡಬೇಕಾದ್ದನ್ನು ಮುಚ್ಚಿಟ್ಟಿದ್ದೆ, ಮುಚ್ಚಿಡಬೇಕಾದ್ದನ್ನು ತೆರೆದಿಟ್ಟಿದ್ದೆ. ಪಾರದರ್ಶಕತೆ ಎಂಬ ಮಾತನ್ನು ನಾವು ವೇದಿಕೆಯ ಮೇಲೆ ಸುಲಭವಾಗಿ ಆಡುತ್ತೇವೆ. ಆದರೆ ಯಾವುದರಲ್ಲಿ, ಯಾರ ಮುಂದೆ, ಎಷ್ಟು ಎಂಬುದನ್ನು ಯಾವ ಸೆಮಿನರಿಯಲ್ಲೂ ನನಗೆ ಕುಳ್ಳಿರಿಸಿ ಹೇಳಿಕೊಟ್ಟಿರಲಿಲ್ಲ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್ ಸಭೆಗಳಲ್ಲಿ ಕಮಿಟಿ, ಆಡಿಟ್, ಮೇಲೆ ಡಯಾಸಿಸ್ ಅಥವಾ ಕಾನ್ಫರೆನ್ಸ್ ಎಂಬ ಪ್ರಾಂತ್ಯದ ಆಡಳಿತ ಎಂದು ಒಂದು ಚೌಕಟ್ಟು ಇದೆ. ಕಥೋಲಿಕ ಧರ್ಮಸಭೆಯಲ್ಲಿ 1983ರ ಕ್ಯಾನನ್ ಕಾನೂನಿನ 537ನೇ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ಇದಾವುದೂ ಇಲ್ಲ, ಎಲ್ಲವನ್ನೂ ತಾವೇ ಕಟ್ಟಿಕೊಳ್ಳಬೇಕು. ಈ ಬರಹ ಎಲ್ಲರಿಗೂ ಹೌದು, ಆದರೆ ಬರೆಯುವಾಗ ನನ್ನ ಕಣ್ಣ ಮುಂದೆ ಹೆಚ್ಚಾಗಿ ಇರುವುದು ಶೀಟು ಹೊದಿಸಿದ ಬಾಡಿಗೆ ಹಾಲಿನಲ್ಲಿ ಒಬ್ಬರೇ ಎಲ್ಲ ಹೊತ್ತು ನಡೆಸುತ್ತಿರುವ ಆ ಪಾಸ್ಟರುಗಳೇ.

ಹೆಜ್ಜೆ 1: ಎರಡು ಪಟ್ಟಿ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ಸಭೆಗೆ ಸೇರಿದ್ದನ್ನು ಬರೆಯಿರಿ: ಕಾಣಿಕೆ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು), ಕಟ್ಟಡ ನಿಧಿ, ಆಸ್ತಿಪತ್ರ, ನಿಮ್ಮ ಸಂಬಳ, ಕಮಿಟಿಯ ತೀರ್ಮಾನಗಳು, ನೇಮಕಾತಿ, ನಿಮ್ಮಿಂದ ಸಭೆಗೆ ಆದ ತಪ್ಪು. ಬಲಪುಟದಲ್ಲಿ ಒಬ್ಬೊಬ್ಬರಿಗೆ ಸೇರಿದ್ದನ್ನು: ಪಾಪನಿವೇದನೆ, ಮನೆಯ ಜಗಳ, ಕಾಯಿಲೆ, ಸಾಲ, ಯಾರು ಎಷ್ಟು ಕಾಣಿಕೆ ಕೊಡುತ್ತಾರೆ, ಯಾರಿಗೆ ಸಹಾಯ ಸಿಕ್ಕಿತು, ನಿಮ್ಮ ಹೆಂಡತಿ ಮಕ್ಕಳ ವಿಷಯ.

ಎಡಪುಟದ್ದು ಯಾರೂ ಕೇಳುವ ಮೊದಲೇ ಹೊರಗೆ ಬರಬೇಕು. ಬಲಪುಟದ್ದು ಆ ವ್ಯಕ್ತಿಯೇ ಬಾಯಿ ಬಿಡದ ಹೊರತು ಬರಬಾರದು. ಎರಡೂ ಪುಟದಲ್ಲಿ ಬರೆಯಬೇಕೆನಿಸುವ ವಿಷಯಗಳೂ ಇವೆ. ಬಡವರ ಸಹಾಯ ನಿಧಿ ಅಂಥದ್ದು. ಅಲ್ಲಿ ಮೊತ್ತ ಎಡಪುಟಕ್ಕೆ, ಹೆಸರು ಬಲಪುಟಕ್ಕೆ. "ಈ ತಿಂಗಳು ಮೂರು ಕುಟುಂಬಕ್ಕೆ ಒಟ್ಟು 7,500 ರೂಪಾಯಿ" ಎಂದು ಸಭೆಗೆ ಓದಿ. ಯಾರಿಗೆ ಎಂಬುದು ನಿಮಗೂ ಇಬ್ಬರು ಹಿರಿಯರಿಗೂ ಗೊತ್ತಿದ್ದರೆ ಸಾಕು, ರಶೀದಿಗಳು ಮುಚ್ಚಿದ ಕವರಿನಲ್ಲಿ ಆಡಿಟರ್ ಕೈಗೆ ಹೋಗಲಿ.

ಹೆಜ್ಜೆ 2: ಕಾಣಿಕೆ ಚೀಲದಿಂದ ಬ್ಯಾಂಕಿನವರೆಗೆ

ಯೋವಾಷ ಅರಸನ ಕಾಲದ ಕಥೆಯನ್ನು ಬೈಬಲಿನ 2 ಅರಸುಗಳು 12ರಲ್ಲಿ ಮತ್ತೊಮ್ಮೆ ಓದಿ. ದೇವಾಲಯದ ರಿಪೇರಿಗೆಂದು ಬಂದ ಹಣವನ್ನು ಯಾಜಕರೇ ನೇರವಾಗಿ ತೆಗೆದುಕೊಳ್ಳುತ್ತಿದ್ದರು. ಅರಸನ ಆಳ್ವಿಕೆಯ 23ನೇ ವರ್ಷ ಬಂದರೂ ಬಿರುಕು ಮುಚ್ಚಿರಲಿಲ್ಲ. ಕದ್ದರು ಎಂದು ಅಲ್ಲಿ ಬರೆದಿಲ್ಲ, ಕೆಲಸ ಆಗಲಿಲ್ಲ ಎಂದಷ್ಟೇ ಇದೆ. ಆಗ ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು, ಯಜ್ಞವೇದಿಯ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲ ಕಟ್ಟುತ್ತಿದ್ದರು. ಒಬ್ಬ ಅರಮನೆಯವನು, ಒಬ್ಬ ದೇವಾಲಯದವನು. ಒಂದೇ ಮನೆಯ ಇಬ್ಬರಲ್ಲ. ಇಂದಿಗೂ ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಗೊತ್ತಿಲ್ಲ.

ನಮ್ಮ ವೆಸ್ಟ್ರಿಯಲ್ಲಿ, ಅಂದರೆ ದೇವಾಲಯದ ಪಕ್ಕದ ಕೋಣೆಯಲ್ಲಿ, ಅದು ಹೀಗೆ ನಡೆಯುತ್ತದೆ. ಆಶೀರ್ವಚನ ಮುಗಿದ ಕೂಡಲೇ ಇಬ್ಬರು ಮೇಜಿನ ಎರಡು ಬದಿಗೆ ಕೂರುತ್ತಾರೆ. ಇಬ್ಬರೂ ಸಂಬಂಧಿಕರಾಗಿರಕೂಡದು, ಇಬ್ಬರಲ್ಲಿ ಒಬ್ಬರೂ ಸಭಾಪಾಲಕರ ಮನೆಯವರಾಗಿರಕೂಡದು. ಕಮಿಟಿಯವರೇ ಆಗಬೇಕೆಂದಿಲ್ಲ. ತಿಂಗಳಿಗೊಂದು ಜೋಡಿ ಬದಲಾಗುತ್ತದೆ, ಸ್ತ್ರೀಯರ ಕೂಟದಿಂದ ಒಬ್ಬರು, ಯುವಜನ ಕೂಟದಿಂದ ಒಬ್ಬರು. ಚೀಲವನ್ನು ಮೇಜಿನ ಮೇಲೆ ಸುರಿದು, 500, 200, 100, 50, 20, 10 ಎಂದು ಬೇರೆ ಮಾಡಿ, ಚಿಲ್ಲರೆ ಕಡೆಗೆ. ಒಬ್ಬರು ಎಣಿಸಿದ ಕಟ್ಟನ್ನು ಇನ್ನೊಬ್ಬರು ಮತ್ತೆ ಎಣಿಸುತ್ತಾರೆ. ಎಷ್ಟು ಮುಖಬೆಲೆಯ ಎಷ್ಟು ನೋಟು ಎಂದು ರಿಜಿಸ್ಟರಿನಲ್ಲಿ ಬರೆದು, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ತುಂಬಿ ಇಬ್ಬರೂ ಸಹಿ ಹಾಕಿದ ಮೇಲೆಯೇ ಖಜಾಂಚಿ ಮುಟ್ಟುವುದು. ಸೋಮವಾರ ಬ್ಯಾಂಕಿಗೆ. ಚಲನ್ನಿನ ಕೌಂಟರ್‌ಫಾಯಿಲ್ ಅದೇ ಪುಟಕ್ಕೆ ಅಂಟುತ್ತದೆ. ಮುಂದಿನ ಭಾನುವಾರ ಪ್ರಕಟಣೆಯಲ್ಲಿ ಮೊತ್ತ ಓದುತ್ತೇವೆ. ಅಯ್ಯನವರು ಆ ಹೊತ್ತಿಗೆ ಬಾಗಿಲಲ್ಲಿ ನಿಂತು ಜನರ ಕೈಕುಲುಕುತ್ತಿರಬೇಕು. ಹಣ ಎಣಿಸುವ ಕೋಣೆಯಲ್ಲಿ ನಿಮಗೆ ಕೆಲಸವಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಒಂದು ನಿಯಮ: ಕಾಣಿಕೆಯಿಂದ ನೇರವಾಗಿ ಖರ್ಚು ಮಾಡಬೇಡಿ. ಕರೆಂಟ್ ಬಿಲ್ಲು, ಹೂವು, ಅತಿಥಿ ಬೋಧಕರ ಬಸ್ ಚಾರ್ಜು, ಎಷ್ಟೇ ಸಣ್ಣದಾದರೂ ಮೊದಲು ಪೂರ್ತಿ ಹಣ ಬ್ಯಾಂಕಿಗೆ ಹೋಗಲಿ, ಆಮೇಲೆ ಅಲ್ಲಿಂದ ತೆಗೆಯಿರಿ. ಸಣ್ಣಪುಟ್ಟ ಖರ್ಚಿಗೆ ಕಮಿಟಿ ಗೊತ್ತುಮಾಡಿದ ಒಂದು ಮೊತ್ತವನ್ನು ಕೈಯಲ್ಲಿ ಇಟ್ಟುಕೊಳ್ಳಬಹುದು, ಅದು ಮುಗಿದಾಗ ವೋಚರುಗಳನ್ನು ಕೊಟ್ಟು ಮತ್ತೆ ತುಂಬಿಸಿಕೊಳ್ಳುವುದು. ನಾನು ಕಂಡ ಲೆಕ್ಕದ ಗೊಂದಲಗಳಲ್ಲಿ ಹೆಚ್ಚಿನವು ಕಳ್ಳತನದಿಂದ ಬಂದವಲ್ಲ, "ಚೀಲದಿಂದಲೇ ಕೊಟ್ಟುಬಿಟ್ಟೆ" ಎಂಬಲ್ಲಿಂದ ಬಂದವು.

ಈಗ ಕ್ಯೂಆರ್ ಕೋಡ್. ಗೋಡೆಗೆ ಅಂಟಿಸಿದ ಆ ಚೌಕವನ್ನು ನಿಮ್ಮ ಫೋನಿನಿಂದಲೇ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಪರದೆಯ ಮೇಲೆ ಯಾರ ಹೆಸರು ಬರುತ್ತದೆ? ಸಭೆಯ ಹೆಸರು ಬಂದರೆ ಸರಿ. ನಿಮ್ಮ ಹೆಸರೋ ನಿಮ್ಮ ಮಗನ ಹೆಸರೋ ಬಂದರೆ ಇವತ್ತೇ ಅದನ್ನು ಕಿತ್ತುಹಾಕಿ. ನೀವು ಪೈಸೆ ಪೈಸೆಗೂ ಲೆಕ್ಕ ಇಟ್ಟಿರಬಹುದು. ಆದರೆ ಕಾಣಿಕೆ ಕೊಡುವಾಗಲೆಲ್ಲ ಆ ಹೆಸರನ್ನು ನೋಡುವ ತಾಯಿಯ ಮನಸ್ಸಿಗೆ ಯಾವ ಲೆಕ್ಕಪುಸ್ತಕವೂ ಉತ್ತರ ಕೊಡುವುದಿಲ್ಲ.

ಸುಗ್ಗಿ ಹಬ್ಬದಲ್ಲಿ ಸಭೆಯವರು ತಂದುಕೊಟ್ಟ ವಸ್ತುಗಳ ಹರಾಜಿಗೆ ಬೇರೆಯೇ ಪುಸ್ತಕ ಬೇಕು. ಒಂದು ಪಪ್ಪಾಯಿಗೆ ಸಂತೋಷದಲ್ಲಿ 1,500 ಕೂಗಿದವರು ಅಂದೇ ಕೊಡುವುದಿಲ್ಲ. "ಸಂಬಳ ಬಂದ ಮೇಲೆ, ಅಯ್ಯನವರೇ." ತೆಂಗಿನಕಾಯಿ, ಕುಂಬಳ, ನಾಟಿಕೋಳಿ, ಕೇಕು, ಎಲ್ಲಕ್ಕೂ ಐದು ಕಾಲಮ್ಮು ಹಾಕಿ: ವಸ್ತು, ಹಿಡಿದವರು, ಕೂಗಿದ ಮೊತ್ತ, ಕೊಟ್ಟದ್ದು, ಬಾಕಿ. ಹರಾಜಿನ ದಿನವೇ "ಕೂಗಿದ್ದು ಇಷ್ಟು, ಕೈಗೆ ಬಂದದ್ದು ಇಷ್ಟು" ಎಂದು ಎರಡೂ ಅಂಕಿ ಹೇಳಿಬಿಡಿ. ದೊಡ್ಡ ಅಂಕಿಯನ್ನು ಮಾತ್ರ ಹೇಳಿದರೆ ಮೂರು ತಿಂಗಳ ನಂತರ ಉಳಿದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಬರುತ್ತದೆ, ಬರಲೂಬೇಕು. ಬಾಕಿದಾರರ ಹೆಸರನ್ನು ಮಾತ್ರ ವೇದಿಕೆಯಿಂದ ಓದಬೇಡಿ, ಅದು ಬಲಪುಟದ ವಿಷಯ.

ವಿದೇಶದ ಹಣದ ಬಗ್ಗೆ ಎರಡು ಮಾತು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಮುಂಗಡ ಅನುಮತಿಯೋ ಇಲ್ಲದೆ ಸಭೆಯ ಕೆಲಸಕ್ಕೆ ಅಂಥ ದೇಣಿಗೆ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ಅದು ಮೊದಲು ಬಂದು ಬೀಳಬೇಕಾದ್ದು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತದ ಖರ್ಚಿಗೆ ಶೇ. 20ಕ್ಕಿಂತ ಹೆಚ್ಚು ಬಳಸುವಂತಿಲ್ಲ, ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಎಫ್‌ಸಿ-4 ಎಂಬ ವಾರ್ಷಿಕ ಲೆಕ್ಕಪತ್ರ ಸಲ್ಲಿಸಬೇಕು. "ಅಮೆರಿಕದ ಸ್ನೇಹಿತರು ಸೇವೆಗೆಂದು ನನ್ನ ಖಾತೆಗೇ ಹಾಕುತ್ತಾರೆ" ಎನ್ನುವ ಪಾಸ್ಟರುಗಳು ಇವತ್ತೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಕೂತು ಮಾತಾಡಲಿ.

ಹೆಜ್ಜೆ 3: ನಿಮ್ಮ ಸಂಬಳ, ಕವರು, ಜಾಗ

ಹಳ್ಳಿಯ ಹಿರಿಯರು ಹೇಳುತ್ತಾರಲ್ಲ, ಕೈ, ಬಾಯಿ, ಕಚ್ಚೆ ಮೂರೂ ಶುದ್ಧವಾಗಿರಬೇಕು ಎಂದು. 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ ಅಮೆರಿಕದ ಬೋಧಕ ಬಿಲ್ಲಿ ಗ್ರಹಾಂ ಮತ್ತು ಅವರ ಮೂವರು ಸಂಗಡಿಗರು ಸುವಾರ್ತಿಕರ ಹೆಸರು ಯಾವುದರಿಂದ ಕೆಡುತ್ತದೆ ಎಂದು ಯೋಚಿಸಿ ನಾಲ್ಕು ವಿಷಯದಲ್ಲಿ ನಿರ್ಧಾರ ಮಾಡಿದರು. ಹಣ, ಸ್ತ್ರೀಪುರುಷ ಸಂಬಂಧದ ನಡತೆ, ಸ್ಥಳೀಯ ಸಭೆಗಳನ್ನು ಟೀಕಿಸದಿರುವುದು, ಜನಸಂಖ್ಯೆಯನ್ನು ಉಬ್ಬಿಸಿ ಹೇಳದಿರುವುದು. ನಮ್ಮ ಗಾದೆಗೂ ಆ ಪಟ್ಟಿಗೂ ಹೆಚ್ಚು ದೂರವಿಲ್ಲ. ಆದರೂ ಎರಡು ವರ್ಷದ ನಂತರ, 1950ರಲ್ಲಿ, ಅಟ್ಲಾಂಟಾದ ಕೂಟಗಳು ಮುಗಿದಾಗ ಅಲ್ಲಿನ ಪತ್ರಿಕೆಯೊಂದು ಕಾಣಿಕೆಯ ಹಣದ ಚೀಲಗಳ ಫೋಟೋವನ್ನೂ ನಗುತ್ತಾ ಹೊರಟ ಗ್ರಹಾಂ ಅವರ ಫೋಟೋವನ್ನೂ ಜೊತೆಯಲ್ಲೇ ಅಚ್ಚು ಹಾಕಿತು. ಅವರು ಕದ್ದಿರಲಿಲ್ಲ. ಕೊನೆಯ ದಿನದ ಕಾಣಿಕೆ ಬೋಧಕನಿಗೆ ಎಂಬುದು ಆ ಕಾಲದ ಪದ್ಧತಿಯೇ ಆಗಿತ್ತು. ಆದರೆ ಆ ಚಿತ್ರ ಅವರನ್ನು ಚುಚ್ಚಿತು, ಅಲ್ಲಿಂದ ಮುಂದೆ ಸಂಸ್ಥೆಯಿಂದ ನಿಗದಿಯಾದ ಸಂಬಳವನ್ನಷ್ಟೇ ತೆಗೆದುಕೊಂಡರು.

ಹಾಗಾಗಿ ನಿಮ್ಮ ಸಂಬಳ ಎಷ್ಟು ಎಂಬುದು ಸಭೆಗೆ ಗೊತ್ತಿರಲಿ. ಅದನ್ನು ಗೊತ್ತುಮಾಡುವ ಹೊತ್ತಿಗೆ ನೀವೂ ನಿಮ್ಮ ಮನೆಯವರೂ ಕೋಣೆಯಿಂದ ಹೊರಗಿರಿ. ಕಡಿಮೆಯಾದರೆ "ಸಾಲುತ್ತಿಲ್ಲ" ಎಂದು ಬಾಯಿ ಬಿಟ್ಟು ಕೇಳಿ. ಸಾಕಾಗದ ಸಂಬಳವನ್ನು ಮೌನವಾಗಿ ನುಂಗಿ, ಆಮೇಲೆ ಬೇರೆ ದಾರಿಯಲ್ಲಿ ಸರಿದೂಗಿಸಿಕೊಂಡವರನ್ನು ನಾನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಾಗಿರಲಿಲ್ಲ. ಸಭೆಯೂ ಇದರಲ್ಲಿ ಪಾಲುದಾರ. ತನ್ನ ಪಾಲಕನನ್ನು ಹಸಿವಿನಲ್ಲಿಟ್ಟು ಲೆಕ್ಕ ಕೇಳುವುದಕ್ಕೆ ಸಭೆಗೆ ಮುಖವಿರುವುದಿಲ್ಲ.

ಮದುವೆ, ನಾಮಕರಣ, ಹೊಸ ಮನೆಯ ಪ್ರಾರ್ಥನೆಯಲ್ಲಿ ಕೈಗೆ ಬರುವ ಕವರು ನಿಮ್ಮದೋ ಸಭೆಯದೋ? ಸಭೆಯಿಂದ ಸಭೆಗೆ ಪದ್ಧತಿ ಬೇರೆ. ಯಾವುದಾದರೂ ಇರಲಿ, ಕಮಿಟಿಯಲ್ಲಿ ಬರೆದಿಡಿ. ಒಂದು ಮೊತ್ತಕ್ಕಿಂತ ಹೆಚ್ಚಿನ ಉಡುಗೊರೆ ಬಂದರೆ ಕಾರ್ಯದರ್ಶಿಗೆ ಹೇಳುವುದು ಎಂದು ನಿಮ್ಮಷ್ಟಕ್ಕೆ ನೀವೇ ಒಂದು ನಿಯಮ ಹಾಕಿಕೊಳ್ಳಿ. ಸಭೆಯವರಿಂದ ಕೈಸಾಲ ಮಾತ್ರ ಎಂದಿಗೂ ಬೇಡ. ಸಾಲ ಕೊಟ್ಟವರ ಮುಂದೆ ನಿಂತು ನೀವು ಖಂಡಿಸುವ ಮಾತನ್ನೂ ಸರಿಯಾಗಿ ಆಡಲಾರಿರಿ, ಸಾಂತ್ವನದ ಮಾತನ್ನೂ ಆಡಲಾರಿರಿ.

ಸ್ವತಂತ್ರ ಸಭೆಗಳಲ್ಲಿ ದೊಡ್ಡ ಸಂಕಟ ಜಾಗದ್ದು. ವಿಶ್ವಾಸಿಗಳ ದಶಮಾಂಶದಿಂದ ಕೊಂಡ ಸೈಟು ಪಾಸ್ಟರ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ. ಆಗ ಟ್ರಸ್ಟ್ ಇರಲಿಲ್ಲ, ಅವಸರವಿತ್ತು, ಬೇರೆ ದಾರಿ ಇರಲಿಲ್ಲ, ಎಲ್ಲ ನಿಜ. ಆದರೆ ಪಾಸ್ಟರ್ ತೀರಿಕೊಂಡ ಮರುದಿನ ಆ ಸೈಟು ಕಾನೂನಿನ ಕಣ್ಣಲ್ಲಿ ಅವರ ಹೆಂಡತಿ ಮಕ್ಕಳದು. ಅಪ್ಪನ ಜೊತೆ ಇಡೀ ಸಭೆ ಪ್ರಾರ್ಥಿಸಿ ಕೊಂಡ ನೆಲಕ್ಕಾಗಿ ಮಕ್ಕಳೂ ಸಭೆಯೂ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ತಪ್ಪಿಸುವ ಶಕ್ತಿ ಬದುಕಿರುವ ಪಾಸ್ಟರಿಗೆ ಮಾತ್ರ ಇದೆ. ಟ್ರಸ್ಟ್ ಮಾಡಿ ಅಥವಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿ ನೋಂದಾಯಿಸಿ, ಜಾಗವನ್ನು ಅದರ ಹೆಸರಿಗೆ ಬರೆದುಕೊಡಿ. ಟ್ರಸ್ಟಿಗಳು ಗಂಡ, ಹೆಂಡತಿ, ಮಗ, ಅಳಿಯ ಎಂದಾದರೆ ಹೆಸರು ಬದಲಾಯಿತೇ ಹೊರತು ಬೇರೇನೂ ಬದಲಾಗಲಿಲ್ಲ. ರಕ್ತಸಂಬಂಧವಿಲ್ಲದವರು ಹೆಚ್ಚು ಇರಲಿ.

ವರದಿಗಳಲ್ಲಿಯೂ ಇದೇ ಪ್ರಾಮಾಣಿಕತೆ ಬೇಕು. 12 ಜನ ದೀಕ್ಷಾಸ್ನಾನ ಪಡೆದಿದ್ದರೆ 12 ಎಂದೇ ಬರೆಯಿರಿ. ಕೂಟಕ್ಕೆ 200 ಕುರ್ಚಿ ಹಾಕಿಸಿ ಅರ್ಧ ಖಾಲಿ ಉಳಿದಿದ್ದರೆ 500 ಜನ ಬಂದರು ಎಂದು ಬರೆದ ವರದಿಯನ್ನು ನಿಮ್ಮ ಸಭೆಯ ಯುವಕರೂ ಫೋನಿನಲ್ಲಿ ಓದುತ್ತಾರೆ.

ಹೆಜ್ಜೆ 4: ತೀರ್ಮಾನದ ಜೊತೆ ಕಾರಣವನ್ನೂ ಹೇಳಿ

ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ಗುಣುಗುಟ್ಟುವಿಕೆ ಎದ್ದಿತು. ಅಪೊಸ್ತಲರು "ಗುಣುಗುಟ್ಟಬೇಡಿ" ಎನ್ನಲಿಲ್ಲ. ಎಲ್ಲರನ್ನೂ ಕರೆದು, ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಆ ಏಳು ಹೆಸರನ್ನು ನಿಧಾನವಾಗಿ ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟ ಕಡೆಯವರ ಕೈಗೇ ಹಂಚುವ ಸೌಟು ಬಂತು.

ನಮ್ಮ ಸಭೆಗಳಲ್ಲೂ ಎರಡು ಮೂರು ಮನೆತನಗಳು ತಲೆಮಾರುಗಳಿಂದ ಕಮಿಟಿ ಹಿಡಿದಿರುತ್ತವೆ. ಕನ್ನಡ ಆರಾಧನೆಯವರು, ತಮಿಳು ಅಥವಾ ತೆಲುಗು ಆರಾಧನೆಯವರು, ಹಳೇ ಮಿಷನ್ ಕುಟುಂಬದವರು, ಹೊಸದಾಗಿ ಬಂದವರು, ಹೇಳಲು ನಾಚಿಕೆಯಾದರೂ ಹೇಳಲೇಬೇಕು, ಜಾತಿಯ ಗೆರೆಗಳು. "ನಮ್ಮ ಮಾತು ಯಾರೂ ಕೇಳುವುದಿಲ್ಲ" ಎನ್ನುವವರು ಯಾವ ಮೂಲೆಯಲ್ಲಿ ಕೂರುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಮುಂದಿನ ಸಲ ಹಂಚುವ ಕೆಲಸ, ಎಣಿಸುವ ಕೆಲಸ, ಕಟ್ಟಡದ ಉಸ್ತುವಾರಿ ಬಂದಾಗ ಮೊದಲು ಅವರನ್ನು ಕರೆಯಿರಿ.

ಕಮಿಟಿ ಮುಗಿದ ಮರು ಭಾನುವಾರ ತೀರ್ಮಾನಗಳನ್ನು ಸಭೆಗೆ ಓದಿ, ಕಾರಣವನ್ನೂ ಓದಿ. "ಆರಾಧನೆಯ ವೇಳೆಯನ್ನು 9ಕ್ಕೆ ಬದಲಾಯಿಸಲಾಗಿದೆ" ಎಂದರೆ ಅದು ಅಪ್ಪಣೆ. "ತೋಟದ ಕೆಲಸಕ್ಕೆ ಹೋಗುವವರು 11ರೊಳಗೆ ಹೊರಡಬೇಕಾಗುತ್ತದೆ, ಆದ್ದರಿಂದ ಆರು ತಿಂಗಳ ಮಟ್ಟಿಗೆ 9ಕ್ಕೆ ಮಾಡಿ ನೋಡೋಣ, ತೊಂದರೆಯಾದವರು ಕಾರ್ಯದರ್ಶಿಗೆ ತಿಳಿಸಿ" ಎಂದರೆ ಜನ ಒಪ್ಪದಿದ್ದರೂ ಸಹಿಸುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಹೇಳಲಾಗದ ವಿಷಯವಾದರೆ, "ಇದರಲ್ಲಿ ಒಬ್ಬರ ಮಾನದ ಪ್ರಶ್ನೆ ಇದೆ, ವಿವರ ಹೇಳಲಾರೆ, ಆದರೆ ಇಂಥ ಮೂವರು ಹಿರಿಯರು ಎಲ್ಲ ಕಾಗದ ನೋಡಿದ್ದಾರೆ" ಎನ್ನಿ. ಹೇಳಲಾರೆ ಎನ್ನುವುದೂ ತೆರೆದ ಮಾತೇ.

ಹೆಜ್ಜೆ 5: ಗುಟ್ಟು ಕಾಯುವುದು, ಕಾಯಲೇಬಾರದ ಗುಟ್ಟು

ಯಾರಾದರೂ "ಅಯ್ಯನವರೇ, ಒಂದು ಮಾತು ಹೇಳ್ಬೇಕಿತ್ತು" ಎಂದು ಕೂತಾಗ, ಅವರು ಶುರುಮಾಡುವ ಮೊದಲೇ ನಾನೀಗ ಹೇಳುವ ಮಾತು ಇದು: "ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ. ನನ್ನ ಹೆಂಡತಿಗೂ ಹೇಳುವುದಿಲ್ಲ. ಆದರೆ ಮಗುವಿಗೆ ಅಪಾಯ ಅಂತ ಗೊತ್ತಾದರೆ, ಯಾರದ್ದಾದರೂ ಜೀವಕ್ಕೆ ಅಪಾಯ ಅಂತ ಗೊತ್ತಾದರೆ ನಾನು ಸುಮ್ಮನಿರಲಾರೆ." ಮೊದಲೇ ಹೇಳಿದರೆ ಆಮೇಲೆ ಮೋಸ ಮಾಡಿದಂತಾಗುವುದಿಲ್ಲ.

ಪ್ರಾರ್ಥನಾ ವಿಷಯಗಳಿಗೆ ಒಂದೇ ನಿಯಮ. ಕೇಳಿ, ಒಪ್ಪಿಗೆ ಪಡೆದು, ಅವರು ಹೇಳಿದಷ್ಟೇ ಹೇಳಿ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮೊದಲು ಮತ್ತೊಮ್ಮೆ ಕೇಳಿ, ಏಕೆಂದರೆ ಅಲ್ಲಿಗೆ ಹೋದದ್ದು ಹಿಂದೆ ಬರುವುದಿಲ್ಲ. ಹೆಸರು ತೆಗೆದು ಪ್ರಸಂಗದಲ್ಲಿ ಉದಾಹರಣೆಯಾಗಿ ಬಳಸುವುದೂ ಬೇಡ. ಹೆಸರಿಲ್ಲದ ಉದಾಹರಣೆಗೆ ಸಭೆಯವರು ಹೆಸರು ಹಚ್ಚುತ್ತಾರೆ, ಕೆಲವೊಮ್ಮೆ ತಪ್ಪು ಹೆಸರನ್ನೇ ಹಚ್ಚುತ್ತಾರೆ.

ಮಕ್ಕಳ ವಿಷಯದಲ್ಲಿ ಯಾವ ಗುಟ್ಟೂ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ, ನಡೆಯಬಹುದೆಂಬ ಆತಂಕ ಇರುವವರೂ ಸಹ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ ಇದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಹಾಸ್ಟೆಲ್, ಭಾನುವಾರ ಶಾಲೆ, ರಜೆಯ ವೇದಶಾಲೆ ನಡೆಸುವವರೆಲ್ಲ ಇದನ್ನು ಕಂಠಪಾಠ ಮಾಡಿಕೊಳ್ಳಬೇಕು. 1098 ಮಕ್ಕಳ ಸಹಾಯವಾಣಿ. ಆ ಸಂಖ್ಯೆಯನ್ನು ಭಾನುವಾರ ಶಾಲೆಯ ಕೋಣೆಯಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಬರೆಸಿ. "ಮೊದಲು ಕಮಿಟಿಯಲ್ಲಿ ಮಾತಾಡೋಣ", "ಹುಡುಗಿಯ ಭವಿಷ್ಯ ನೋಡಿ", "ಸಭೆಯ ಹೆಸರು ಹಾಳಾಗುತ್ತದೆ", ಈ ಮೂರು ಮಾತು ಕೇಳಿದರೆ ಎದ್ದು ನಿಂತು ಬೇಡ ಎನ್ನಿ. ಬೇಲಿಯೇ ಎದ್ದು ಹೊಲ ಮೇಯ್ದಾಗ ಬೇಲಿಯ ಮಾನ ಕಾಯುವುದು ಪಾಲಕನ ಕೆಲಸವಲ್ಲ. ಮಗುವಿನ ಹೆಸರು ಮಾತ್ರ ಎಲ್ಲೂ ಹೊರಬರಬಾರದು. ಇಲ್ಲಿಯೂ ಅದೇ ಎರಡು ಪುಟ: ಅಪರಾಧ ಎಡಕ್ಕೆ, ಮಗುವಿನ ಗುರುತು ಬಲಕ್ಕೆ.

ಆಪ್ತ ಸಲಹೆಗೆ ಕೂರುವಾಗ ಬಾಗಿಲು ಅರ್ಧ ತೆರೆದಿರಲಿ, ಅಥವಾ ಬಾಗಿಲಿಗೆ ಗಾಜು ಹಾಕಿಸಿ. ಮಾತು ಹೊರಗೆ ಕೇಳಬಾರದು, ನೀವು ಹೊರಗೆ ಕಾಣಬೇಕು. ಒಂಟಿ ಹೆಂಗಸಿನ ಮನೆಗೆ ಭೇಟಿ ಹೋಗುವುದಾದರೆ ಪಾಸ್ಟರಮ್ಮನವರನ್ನೋ ಒಬ್ಬ ಹಿರಿಯ ತಾಯಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಹೆಜ್ಜೆ 6: ನಿಮ್ಮ ಮನಸ್ಸನ್ನು ಎಲ್ಲಿ ತೆರೆಯುವಿರಿ

ಸಭೆಯ ಮುಂದೆ ಅಲ್ಲ, ಮೊದಲಿಗಂತೂ ಅಲ್ಲ. ಕುದಿಯುತ್ತಿರುವ ಪಾತ್ರೆಯನ್ನು ವೇದಿಕೆಗೆ ತಂದರೆ ಮುಂದಿನ ಸಾಲಿನಲ್ಲಿರುವವರ ಮೈ ಸುಡುತ್ತದೆ. ಕಮಿಟಿಯ ಮೇಲಿನ ಸಿಟ್ಟನ್ನು ಪ್ರಸಂಗವಾಗಿಸಿದ ದಿನ ನಾನು ಅದನ್ನು ಕಲಿತೆ. ಹೊರಗಿನ ಇಬ್ಬರನ್ನು ಹುಡುಕಿಕೊಳ್ಳಿ. ಬೇರೆ ಸಭೆಯ, ಸಾಧ್ಯವಾದರೆ ಬೇರೆ ಪಂಗಡದ ಒಬ್ಬ ಹಿರಿಯ ಸಭಾಪಾಲಕರು. ನಿಮ್ಮ ವರ್ಗಾವಣೆ, ಬಡ್ತಿ, ಸಂಬಳ ಯಾವುದೂ ಅವರ ಕೈಯಲ್ಲಿರಕೂಡದು. ತಿಂಗಳಿಗೊಮ್ಮೆ ಕೂತು ಅವರು ನಿಮ್ಮನ್ನು ಕೇಳಲಿ: ಹಣದ ವಿಷಯದಲ್ಲಿ ಹೇಗಿದ್ದೀರಿ, ಫೋನಿನಲ್ಲಿ ಏನು ನೋಡುತ್ತಿದ್ದೀರಿ, ಮನೆಯಲ್ಲಿ ಮಾತು ನಡೆಯುತ್ತಿದೆಯೇ, ಕೊನೆಯ ಸಲ ಪ್ರಸಂಗಕ್ಕಾಗಿ ಅಲ್ಲದೆ ಬೈಬಲ್ ಓದಿದ್ದು ಯಾವಾಗ.

ಹೆಂಡತಿ ಮಕ್ಕಳ ಕಥೆಯನ್ನು ಪ್ರಸಂಗಕ್ಕೆ ತರುವ ಮೊದಲು ಅವರನ್ನು ಕೇಳಿ. "ನಮ್ಮ ಮಗ ಪರೀಕ್ಷೆಯಲ್ಲಿ ಫೇಲಾದಾಗ ಕರ್ತನು ನಮಗೆ ಕಲಿಸಿದ ಪಾಠ" ಎಂದು ನೀವು ಉತ್ಸಾಹದಿಂದ ಹೇಳುವಾಗ ಆ ಮಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾನೆ.

ಹೆಜ್ಜೆ 7: ದೂರು ಬಂದಾಗ, ತಪ್ಪಾದಾಗ

ದೂರು ಕೊಡುವ ದಾರಿ ನಿಮ್ಮನ್ನು ಹಾದು ಹೋಗುವಂತಿರಕೂಡದು. ಸಭಾಪಾಲಕರ ಮೇಲಿನ ದೂರನ್ನು ಯಾರಿಗೆ ಕೊಡಬೇಕು ಎಂಬುದನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿಸಿ, ಇಬ್ಬರ ಹೆಸರು, ಅವರಲ್ಲಿ ಒಬ್ಬರು ಹೆಂಗಸು. ಸಭೆಯು ಹತ್ತು ಅಥವಾ ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದರೆ, ಶಾಲೆ ಆಸ್ಪತ್ರೆ ಇದ್ದಲ್ಲಿ ಕೊಟ್ಟೇ ಇರುತ್ತದೆ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು.

1 ತಿಮೊಥೆಯ 5ರ ಒಂದು ವಚನವನ್ನು ನಾವು ಗುರಾಣಿಯಂತೆ ಹಿಡಿಯುತ್ತೇವೆ: ಎರಡು ಮೂರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲೆ ದೂರು ಒಪ್ಪಬೇಡ. ಅದರ ಮುಂದಿನ ವಚನವನ್ನೂ ಓದಬೇಕು. ತಪ್ಪಿನಲ್ಲೇ ನಡೆಯುತ್ತಿರುವವರನ್ನು ಎಲ್ಲರ ಮುಂದೆ ಗದರಿಸು ಎಂದಿದೆ ಅಲ್ಲಿ. ಸುಳ್ಳು ದೂರಿನಿಂದ ರಕ್ಷಣೆಯನ್ನೂ ನಿಜದ ದೂರಿಗೆ ಬಹಿರಂಗ ಉತ್ತರವನ್ನೂ ಪೌಲ ಒಟ್ಟಿಗೇ ಇಟ್ಟ.

ಕ್ಷಮೆ ಕೇಳುವಾಗ "ಯಾರಿಗಾದರೂ ನೋವಾಗಿದ್ದರೆ" ಎನ್ನಬೇಡಿ. ನೋವಾಗಿದೆ, ಅದಕ್ಕೇ ನೀವು ನಿಂತಿದ್ದೀರಿ. ಗೋಡೆಯ ಲೆಕ್ಕದ ವಿಷಯದಲ್ಲಿ ಕೊನೆಗೂ ನಾನು ಹೇಳಿದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ: "ಲೆಕ್ಕವನ್ನು ಎಂಟು ತಿಂಗಳು ನಿಮ್ಮ ಮುಂದೆ ಇಡಲಿಲ್ಲ. ಕೇಳಿದವರನ್ನು ನಂಬಿಕೆಯ ಹೆಸರಿನಲ್ಲಿ ಬಾಯಿ ಮುಚ್ಚಿಸಿದೆ. ಅದು ತಪ್ಪು, ನನ್ನದೇ ತಪ್ಪು. ಬಿಲ್ಲುಗಳೆಲ್ಲ ವೆಸ್ಟ್ರಿಯ ಮೇಜಿನ ಮೇಲಿವೆ, ಆರಾಧನೆ ಮುಗಿದ ಮೇಲೆ ಯಾರು ಬೇಕಾದರೂ ನೋಡಬಹುದು. ಇನ್ನು ಮುಂದೆ ತಿಂಗಳ ಮೊದಲ ಭಾನುವಾರ ಲೆಕ್ಕ ಬೋರ್ಡಿನ ಮೇಲೆ ಇರುತ್ತದೆ." ಏನು ತಪ್ಪು, ಯಾರಿಂದ ಆಯಿತು, ಈಗ ಏನು, ಮುಂದೆ ಏನು, ಇಷ್ಟು ಸಾಕು. ಮುಂದಿನ ಅಳು, ವಿವರಣೆ, ವಚನ ಎಲ್ಲ ಬೇಡ. ಆ ಯುವಕ ಬಿಲ್ಲು ನೋಡಲು ಬಂದ. ಸಿಮೆಂಟಿನ ಬಿಲ್ಲಿನಲ್ಲಿ ಎರಡು ಮೂಟೆಯ ವ್ಯತ್ಯಾಸ ಹಿಡಿದ, ಅಂಗಡಿಯವರ ಕೂಡಿಸುವಿಕೆಯ ತಪ್ಪು. ಮುಂದಿನ ವರ್ಷ ಅವನನ್ನೇ ಒಳಲೆಕ್ಕ ಪರಿಶೋಧಕನನ್ನಾಗಿ ಮಾಡಿದೆವು.

ಬುಧವಾರದ ಪ್ರಾರ್ಥನೆಯ ಆ ತಾಯಿಯ ಬಳಿ ಸಭೆಯ ಮುಂದೆ ಕ್ಷಮೆ ಕೇಳಲಿಲ್ಲ, ಕೇಳಿದ್ದರೆ ಮತ್ತೊಮ್ಮೆ ಅವಳ ಮನೆಯನ್ನು ಬೀದಿಗೆ ತಂದಂತಾಗುತ್ತಿತ್ತು. ಅವಳ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದೆ. ಅವಳು ಹಿಂದಿರುಗಿ ಬರಲು ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷ ನಾನು ಅವಳನ್ನು "ಯಾಕೆ ಬರುತ್ತಿಲ್ಲ" ಎಂದು ಒಂದು ಸಲವೂ ಕೇಳಲಿಲ್ಲ. ಮುರಿದವರು ನಾವಾದಾಗ ವೇಳಾಪಟ್ಟಿ ಅವರ ಕೈಯಲ್ಲಿರುತ್ತದೆ.

ಹೆಜ್ಜೆ 8: ಹೊರಡುವ ದಿನ

ವರ್ಗಾವಣೆಯ ಆದೇಶ ಬಂದ ಮೇಲೆ ಹೊಸ ನಿರ್ಮಾಣ, ಹೊಸ ನೇಮಕ, ದೊಡ್ಡ ಖರ್ಚು ಯಾವುದಕ್ಕೂ ಕೈ ಹಾಕಬೇಡಿ. ಎಜ್ರ 8ನ್ನು ಮೇಜಿನ ಮೇಲೆ ತೆರೆದಿಟ್ಟುಕೊಳ್ಳಿ. ಬಾಬೆಲಿನಿಂದ ಹೊರಡುವಾಗ ಎಜ್ರ ಹನ್ನೆರಡು ಯಾಜಕರಿಗೆ ಬೆಳ್ಳಿ ಬಂಗಾರವನ್ನು ತೂಗಿ ಒಪ್ಪಿಸಿದ, 650 ತಲಾಂತು (ಆ ಕಾಲದ ತೂಕದ ಅಳತೆ) ಬೆಳ್ಳಿ, 100 ತಲಾಂತು ಬಂಗಾರ. ನಾಲ್ಕು ತಿಂಗಳ ದಾರಿ. ಯೆರೂಸಲೇಮಿಗೆ ತಲುಪಿದ ನಾಲ್ಕನೇ ದಿನ ದೇವಾಲಯದಲ್ಲಿ ಎಲ್ಲವನ್ನೂ ಮತ್ತೆ ತೂಗಿ, ಎಣಿಸಿ, ಬರೆದಿಟ್ಟರು. ಯಾಜಕರು ಪರಿಶುದ್ಧರು, ಪಾತ್ರೆಗಳೂ ಪರಿಶುದ್ಧ ಎಂದು ಎಜ್ರನೇ ಹೇಳಿದ್ದ. ಹೇಳಿಯೂ ತೂಗಿದ.

ಪಟ್ಟಿ ಮಾಡಿ: ದೀಕ್ಷಾಸ್ನಾನದ ರಿಜಿಸ್ಟರ್, ಸಮಾಧಿ ರಿಜಿಸ್ಟರ್, 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಇಡಬೇಕಾದ ಮದುವೆಯ ರಿಜಿಸ್ಟರ್ ಮತ್ತು ಕಳಿಸಬೇಕಿದ್ದ ಪ್ರತಿಗಳಲ್ಲಿ ಬಾಕಿ ಉಳಿದವು, ಪಾಸ್‌ಬುಕ್ಕುಗಳು, ಬಳಸದ ಚೆಕ್ ಹಾಳೆಗಳ ನಂಬರು, ಆಸ್ತಿಪತ್ರ, ಕರ್ತನ ಭೋಜನದ ಪಾತ್ರೆಗಳು ಎಷ್ಟು, ಕುರ್ಚಿ ಎಷ್ಟು, ಮೈಕು, ಕೀಬೋರ್ಡ್, ಕೊಡಬೇಕಾದ ಸಾಲ, ಬರಬೇಕಾದ ಬಾಕಿ. ಸಭೆಯ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಬದಲಾಯಿಸಿ, ಇಮೇಲ್ ಮತ್ತು ಯೂಟ್ಯೂಬ್ ಚಾನೆಲ್ಲಿನ ಪಾಸ್‌ವರ್ಡ್ ಒಪ್ಪಿಸಿ. ಬಲಪುಟದ್ದು ಯಾವುದೂ ಆ ಪಟ್ಟಿಯಲ್ಲಿ ಇರಕೂಡದು. ಹೊಸ ಅಯ್ಯನವರು "ಯಾರ ವಿಷಯದಲ್ಲಿ ಹುಷಾರಾಗಿರಬೇಕು?" ಎಂದು ಕೇಳಿದರೆ ಟೀ ಕೊಟ್ಟು ಬೇರೆ ಮಾತಾಡಿ. ಮಗುವಿಗೆ ಅಪಾಯವಾಗುವ ಸಂಗತಿ ಇದ್ದರೆ ಮಾತ್ರ ಬರಹದಲ್ಲಿ, ಹಿರಿಯರ ಎದುರಿನಲ್ಲಿ ತಿಳಿಸಿ.

ಕೊನೆಯ ಆರಾಧನೆಯ ನಂತರ ಇಬ್ಬರು ಹಿರಿಯರ ಮುಂದೆ ಹಳಬರು ಒಂದೊಂದನ್ನೂ ಓದಲಿ, ಹೊಸಬರು ಕೈಯಿಂದ ಮುಟ್ಟಿ ನೋಡಿ ಗುರುತು ಹಾಕಲಿ. ಕಾಂಪೌಂಡ್ ಗೇಟಿನ ಎರಡನೇ ಕೀಲಿ ಯಾವಾಗಲೂ ಸಿಗುವುದಿಲ್ಲ. ಸಿಗಲಿಲ್ಲ ಎಂದೇ ಪಟ್ಟಿಯಲ್ಲಿ ಬರೆದು, ಅದರ ಕೆಳಗೆ ನಾಲ್ವರೂ ಸಹಿ ಹಾಕಿ.